ಭರತಪುರದ ಹಕ್ಕಿಗೊಳಗಳು



ಪಕ್ಷಿವೀಕ್ಷಣವೆಂದರೆ ದುರ್ಬೀನು ಹಿಡಿದು ನೀರಿನಂಚಿನಲ್ಲಿ ಸದ್ದಿಲ್ಲದೆ ಕುಳಿತಿರುವ ಸಾತ್ವಿಕ ವಿನೋದವೆಂದು ನಾವು ಭಾವಿಸುವುದುಂಟು. ಆ ವಿನೋದಕ್ಕೆ ಹೆಸರಾಂತ ತಾಣ ರಾಜಸ್ಥಾನದ ಭರತಪುರ. ಆದರೆ ಅಲ್ಲಿನ ಕೊಳಗಳು ಪ್ರಸಿದ್ಧಿಗೆ ಬಂದುದು ಕೋವಿಯಿಂದ.

ಗಂಭೀರ ಮತ್ತು ಬಾಣಗಂಗಾ ನದಿಗಳ ನೆರೆ ಬಂದು ನಿಲ್ಲುತ್ತಿದ್ದ ತಗ್ಗುನೆಲವದು. ಹದಿನೆಂಟನೆಯ ಶತಮಾನದಲ್ಲಿ ಜಾಟರ ಅರಸನಾದ ಸೂರಜಮಲ್ಲನು ಅಲ್ಲಿ ಅಜಾನ್ ಕಟ್ಟೆಯನ್ನು ಕಟ್ಟಿಸಿದನು. ಮುಂದೆ ಬಂದ ಅರಸರು ಏರಿ ತೂಬುಗಳನ್ನಿಟ್ಟು, ನೆಲವನ್ನು ಕೊಳಕೊಳಗಳಾಗಿ ವಿಂಗಡಿಸಿ, ಚಳಿಗಾಲದಲ್ಲಿ ಉತ್ತರದಿಂದಿಳಿದು ಬರುವ ಬಾತುಗಳನ್ನು ಬರಮಾಡಿಕೊಂಡರು, ಆತಿಥ್ಯಕ್ಕಲ್ಲ, ಬೇಟೆಗೆ! 1902ರಲ್ಲಿ ಲಾರ್ಡ್ ಕರ್ಜನ್ನರು ಇಲ್ಲಿ ಬೇಟೆಯಾಡಿದರು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡವು ಒಂದೇ ದಿನದಲ್ಲಿ ಕೆಡವಿದ ಹಕ್ಕಿಗಳು 4,273. ಕೇವಲಾದೇವನೆಂಬ ಶಿವನ ಗುಡಿಯ ಬಳಿ ಇಂತಹ ಲೆಕ್ಕಗಳನ್ನು ಕಲ್ಲಿನಲ್ಲಿ ಕೆತ್ತಿರಿಸಿದ್ದಾರೆ. ಆ ಕಾಲಕ್ಕೆ ಅದು ಬಿರುದಾವಳಿ. ಇಂದು ಓದುವವರಿಗೆ ಬೇರೆಯೇ ಆಗಿ ಕಾಣುತ್ತದೆ.

ಆದರೂ ಒಂದು ಮಾತನ್ನು ಒಪ್ಪಬೇಕು. ಬೇಟೆಯ ಆಸೆ ಇಲ್ಲದಿದ್ದಲ್ಲಿ ಆ ನೀರು ಎಂದೋ ಹೊಲಗದ್ದೆಗಳ ಪಾಲಾಗುತ್ತಿತ್ತು. 1940ರಲ್ಲಿ ಮೈಸೂರಿನ ರಂಗನತಿಟ್ಟನ್ನು ರಕ್ಷಿಸಬೇಕೆಂದು ಅರಸರ ಮನವೊಲಿಸಿದ ಸಲೀಂ ಅಲಿಯವರೇ ಭರತಪುರದ ಪರವಾಗಿಯೂ ವಾದಿಸಿದರು. 1956ರಲ್ಲಿ ಅದು ಪಕ್ಷಿಧಾಮವಾಯಿತು. ಅರಸುಮನೆಯ ಬೇಟೆಯ ಹಕ್ಕು ಮಾತ್ರ 1972ರವರೆಗೂ ಉಳಿದಿತ್ತು.

1982ರಲ್ಲಿ ರಾಷ್ಟ್ರೀಯ ಉದ್ಯಾನವಾದೊಡನೆ ಸುತ್ತಲಿನ ಹಳ್ಳಿಗಳ ಎಮ್ಮೆಗಳು ಒಳಗೆ ಮೇಯಕೂಡದೆಂದು ಆಜ್ಞೆಯಾಯಿತು. ಹಳ್ಳಿಗರು ಪ್ರತಿಭಟಿಸಿದರು, ಪೊಲೀಸರ ಗುಂಡಿಗೆ ಹಲವು ಮಂದಿ ಬಲಿಯಾದರು. ಹಕ್ಕಿಯ ಮೇಲಿನ ಗುಂಡು ನಿಂತ ನೆಲದಲ್ಲಿ ಮನುಷ್ಯನ ಮೇಲೆ ಗುಂಡು! ಅದರಿಂದ ಹಕ್ಕಿಗಾದರೂ ಹಿತವಾಯಿತೇ? ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿದ್ವಾಂಸರು ವರ್ಷಗಟ್ಟಲೆ ಪರಿಶೀಲಿಸಿ ಕಂಡುದು ಇದು: ಎಮ್ಮೆಗಳು ಇಲ್ಲವಾದುದರಿಂದ ಜೊಂಡುಹುಲ್ಲು ಎಡೆಬಿಡದೆ ಬೆಳೆದು ಕೊಳಗಳ ತೆರೆದ ನೀರನ್ನು ಮುಚ್ಚಿತು, ಬಾತುಗಳಿಗೆ ಇಳಿಯಲು ಎಡೆಯಿಲ್ಲವಾಯಿತು. ಎಮ್ಮೆಯೂ ಆ ಕೊಳದ ಒಕ್ಕಲೆಂಬುದನ್ನು ಹಳ್ಳಿಯವನು ಪುಸ್ತಕವಿಲ್ಲದೆಯೇ ಬಲ್ಲವನಾಗಿದ್ದನು.

ಇಲ್ಲಿಗೆ ಚಳಿಗಾಲಕ್ಕೆ ಬರುತ್ತಿದ್ದ ಸೈಬೀರಿಯದ ಬಿಳಿಯ ಕ್ರೌಂಚಗಳು ವರ್ಷೇ ವರ್ಷೇ ಕ್ಷೀಣಿಸಿದವು. ಹಾದಿಯುದ್ದಕ್ಕೂ ನಡೆದ ಬೇಟೆಯೂ ಅದಕ್ಕೊಂದು ಕಾರಣ. ಕೊನೆಯ ಜೋಡಿ ಕಂಡುದು 2002ರಲ್ಲಿ. ಅದಾದ ಎರಡು ವರ್ಷಕ್ಕೆ ನೀರಿನದೇ ತಕರಾರು ಎದ್ದಿತು. ಗಂಭೀರ ನದಿಗೆ ಮೇಲುಗಡೆ ಕಟ್ಟಿದ ಪಾಂಚನಾ ಅಣೆಕಟ್ಟೆಯ ನೀರು ತಮಗೇ ಬೇಕೆಂದು ಆ ಕಡೆಯ ರೈತರು ಪಟ್ಟು ಹಿಡಿದರು, ಕೊಳಗಳು ಒಣಗಿದವು. ಆಮೇಲೆ ಗೋವರ್ಧನದ ಕಾಲುವೆಯಿಂದಲೂ ದೂರದ ಚಂಬಲಿನಿಂದಲೂ ಕೊಳವೆಗಳಲ್ಲಿ ನೀರು ತರಿಸಬೇಕಾಯಿತು. ನೆರೆಯೊಡನೆ ತಾನಾಗಿ ಹರಿದು ಬರುತ್ತಿದ್ದ ಮೀನುಮರಿಗಳು ಕೊಳವೆಯ ನೀರಿನಲ್ಲಿ ಹಾಗೆ ಬರಲಾರವು.