ವಿಧೇಯತೆಯ ಎರಡು ಮುಖಗಳು: ಬಾಸೆಲ್ ಮಿಷನ್ನಿನ ಶಿಷ್ಯಜೀವನ

ಆಧುನಿಕ ಕನ್ನಡದ ಚರಿತ್ರೆಯಲ್ಲಿ ಬಾಸೆಲ್ ಮಿಷನ್ನನ್ನು ಮುದ್ರಣ, ಪತ್ರಿಕೆ, ನಿಘಂಟು ಮತ್ತು ಹೆಂಚಿನ ಕಾರ್ಖಾನೆಗಳಿಂದ ಗುರುತಿಸುವುದು ವಾಡಿಕೆ. ಈ ಕಾರ್ಯಗಳನ್ನು ಕೈಗೊಂಡವರು ಮಾತ್ರ ಇವನ್ನು ಸಾಧನೆಗಳೆಂದು ಕಾಣದೆ ವಿಧೇಯತೆಯ ಫಲಗಳೆಂದು ಕಂಡರು. ಆ ವಿಧೇಯತೆಯ ಸ್ವರೂಪವೇನು, ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಪೈಟಿಸ್ಟ್ ಭಕ್ತಿಪಂಥವು ಜೀವಾಳವಾಗಿತ್ತು. ತತ್ತ್ವಗಳನ್ನು ಒಪ್ಪಿಕೊಂಡ ಮಾತ್ರಕ್ಕೆ ವಿಶ್ವಾಸ ಸಿದ್ಧವಾಗದು, ಪ್ರಾರ್ಥನೆ, ವೇದಪಠನ, ಆತ್ಮಪರೀಕ್ಷೆ ಮತ್ತು ದುಡಿಮೆಗಳಲ್ಲಿ ಅದು ದಿನದಿನವೂ ಕಾಣಿಸಿಕೊಳ್ಳಬೇಕು ಎಂಬುದು ಈ ಪಂಥದ ನಿಲುವು. ಮಿಷನರಿಗಳ ವಿವಾಹಕ್ಕೂ ಬಾಸೆಲಿನ ಆಡಳಿತ ಸಮಿತಿಯ ಅನುಮತಿ ಬೇಕಾಗಿತ್ತು. ಹೀಗೆ ಕ್ರಿಸ್ತನಿಗೆ ತೋರುವ ವಿಧೇಯತೆ ಸಮಿತಿಗೆ ತೋರುವ ವಿಧೇಯತೆಯೊಡನೆ ಬೆಸೆದುಕೊಂಡಿತು. 1834ರಲ್ಲಿ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದಾಗ ಈ ಶಿಸ್ತೂ ಅವರೊಡನೆ ಬಂದಿತು.

ಆದರೆ ಇವೆರಡು ವಿಧೇಯತೆಗಳು ಎಲ್ಲ ಕಾಲಕ್ಕೂ ಒಂದೇ ದಾರಿಯಲ್ಲಿ ನಡೆಯಲಿಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಮುಂದೆ 'ಜೈಮಿನಿ ಭಾರತ', 'ಬಸವ ಪುರಾಣ' ಮತ್ತು ದಾಸರ ಪದಗಳನ್ನು ಅಚ್ಚಿಗೆ ತಂದರು. ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳುವ ಸಿದ್ಧತೆಯಲ್ಲಿದ್ದ ಅವರನ್ನು ಕೊಡಗಿನ ಸೋಮಯ್ಯ ಎಂಬವರ ಕರೆ ತಡೆಯಿತು. ಮೋಗ್ಲಿಂಗ್ 1853ರ ಹೊತ್ತಿಗೆ ಕೊಡಗಿನಲ್ಲಿ ನೆಲೆಸಿ, ಕೆಲವು ವರ್ಷ ಮಿಷನ್ನಿನ ನೇರ ಆಶ್ರಯದ ಹೊರಗೆ ದುಡಿದರು. ಅದೇ ವರ್ಷ ಬಂದ ಫರ್ಡಿನೆಂಡ್ ಕಿಟೆಲ್, ಪೌಲನ ಮಾತಿನ ಜಾಡಿನಲ್ಲಿ, ಭಾರತೀಯರಿಗೆ ಭಾರತೀಯನಾಗಲು ಬಯಸಿದರು. ಸರಳ ಬದುಕು ಮತ್ತು ಕಾಲ್ನಡಿಗೆಯ ಸಂಚಾರದ ಈ ಹಂಬಲವು ಸಹೋದ್ಯೋಗಿಗಳೊಡನೆಯೂ ಸಮಿತಿಯೊಡನೆಯೂ ಘರ್ಷಣೆಗೆ ಕಾರಣವಾಯಿತು. 1894ರಲ್ಲಿ ಪ್ರಕಟವಾದ ಅವರ ನಿಘಂಟಿನ ಹಿಂದಿರುವ ದಶಕಗಳ ದುಡಿಮೆಯನ್ನು ಈ ಹಿನ್ನೆಲೆಯಲ್ಲಿಯೂ ಓದಬೇಕು.

ಮಿಷನರಿಗಳಿಗಿಂತ ಭಾರವಾದ ಬೆಲೆಯನ್ನು ತೆತ್ತವರು ಹೊಸ ವಿಶ್ವಾಸಿಗಳು. 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ಬಂಧುಬಳಗದಿಂದ ದೂರವಾದರು. ಪತ್ನಿ ಅವರನ್ನು ಅನುಸರಿಸಲಿಲ್ಲ. ಆದರೆ ಅವರಿಗೆ ಬಾಸೆಲಿನ ಶಿಕ್ಷಣ ಮತ್ತು 1851ರ ಪಾದ್ರಿಪಟ್ಟದ ದಾರಿ ತೆರೆದಿತ್ತು. ಬಿಲ್ಲವರಿಗೆ ಅಂತಹ ದಾರಿ ಸುಲಭವಿರಲಿಲ್ಲ. ಕುಲವೃತ್ತಿಯಾದ ಶೇಂದಿ ಇಳಿಸುವ ಕೆಲಸವನ್ನು ಮಿಷನ್ ಒಪ್ಪಲಿಲ್ಲ. ಭೂಮಿಯ ಆಶ್ರಯವೂ ಜಾತಿಯ ನೆರವೂ ತಪ್ಪಿದವು. ಅವರ ಪಾಲಿಗೆ ಶಿಷ್ಯತ್ವದ ಮೊದಲ ಪ್ರಶ್ನೆ ಅನ್ನದ ಪ್ರಶ್ನೆಯೇ ಆಯಿತು. ನೇಯ್ಗೆಯ ಪರಿಣತ ಹಾಲರ್ 1851ರಲ್ಲಿ ಬಂದದ್ದು ಮತ್ತು 1865ರಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು ಈ ಅಗತ್ಯದ ಫಲ.

ಕಾರ್ಖಾನೆಯ ಬದುಕಿನಲ್ಲಿ ಪ್ರಾರ್ಥನೆ, ಸಮಯಪಾಲನೆ ಮತ್ತು ಭಾನುವಾರದ ವಿಶ್ರಾಂತಿ ಒಂದೇ ಶಿಸ್ತಿನ ಅಂಗಗಳಾದವು. ಅನ್ನವನ್ನು ಕೊಟ್ಟ ಕೈಯೇ ನಡತೆಯನ್ನೂ ಅಳೆಯಿತು. ಸಭೆಯ ಶಿಸ್ತಿಗೆ ಗುರಿಯಾದವನು ಕೆಲಸದ ವಿಷಯದಲ್ಲಿ ನಿಶ್ಚಿಂತನಾಗಿರುವುದು ಸಾಧ್ಯವಿರಲಿಲ್ಲ. ಇಲ್ಲಿ ವಿಶ್ವಾಸದಿಂದ ಹುಟ್ಟಿದ ವಿಧೇಯತೆ ಎಲ್ಲಿ ಮುಗಿಯುತ್ತದೆ, ಅವಲಂಬನೆಯಿಂದ ಹುಟ್ಟಿದ ವಿಧೇಯತೆ ಎಲ್ಲಿ ತೊಡಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ.

ಈ ದುಡಿಮೆಯನ್ನು ಶರಣರ ಕಾಯಕದೊಡನೆ ಹೋಲಿಸುವ ಆಸೆ ಸಹಜವಾದದ್ದು. ಎರಡರಲ್ಲೂ ದುಡಿಮೆಗೆ ಆರಾಧನೆಯ ಘನತೆಯಿದೆ. ಆದರೆ ಕಾಯಕದ ಅರ್ಥವನ್ನು ನುಡಿದವರಲ್ಲಿ ದುಡಿಯುವವರೇ ಇದ್ದರು. ಮಂಗಳೂರಿನ ನೇಕಾರ ಮತ್ತು ಹೆಂಚು ಕೆಲಸಗಾರರ ಬದುಕು ಬಹುಮಟ್ಟಿಗೆ ಮಿಷನರಿಗಳ ವರದಿಗಳ ಮೂಲಕ ನಮ್ಮನ್ನು ತಲುಪಿದೆ. ಈ ವ್ಯತ್ಯಾಸವನ್ನು ಮರೆತ ತೌಲನಿಕ ಅಧ್ಯಯನವು ದಾರಿ ತಪ್ಪುವುದು ಖಂಡಿತ.

ಹಾಗೆಂದು ಆ ವಿಶ್ವಾಸಿಗಳನ್ನು ಅಸಹಾಯಕರೆಂದು ಬಗೆಯುವುದೂ ನ್ಯಾಯವಲ್ಲ. ಕುಲ, ವೃತ್ತಿ ಮತ್ತು ಬಂಧುಗಳನ್ನು ಬಿಟ್ಟು ಬಂದ ನಿರ್ಧಾರ ಅವರದೇ ಆಗಿತ್ತು. ಅದನ್ನು ಪ್ರತಿದಿನವೂ ಉಳಿಸಿಕೊಂಡವರೂ ಅವರೇ. ಬಾಸೆಲಿನ ದಫ್ತರುಗಳನ್ನು ಅಧ್ಯಯನ ಮಾಡುವವರು ಮಿಷನರಿಗಳ ಶಿಷ್ಯತ್ವವನ್ನು ಸುಲಭವಾಗಿ ಕಾಣಬಲ್ಲರು. ಅದೇ ಪುಟಗಳಲ್ಲಿ, ಸಂಬಳದ ಲೆಕ್ಕ ಮತ್ತು ಶಿಸ್ತಿನ ನಡವಳಿಗಳ ನಡುವೆ, ಈ ಸಾಮಾನ್ಯರ ಶಿಷ್ಯತ್ವವನ್ನು ಹುಡುಕುವುದು ಸಂಶೋಧಕರ ಮುಂದಿರುವ ಕರ್ತವ್ಯವಾಗಿದೆ.