ಜಾಲಪುಟಕ್ಕೆ ಕಡತವನ್ನು ಎಳೆದುಹಾಕುವ ಕ್ರಮ: ಒಂದು ಐತಿಹಾಸಿಕ ಪರಿಶೀಲನೆ

ಗಣಕಯಂತ್ರದ ಪರದೆಯ ಮೇಲಿನ ಕಡತವೊಂದನ್ನು ಮೌಸಿನಿಂದ ಹಿಡಿದೆಳೆದು ಜಾಲಪುಟದ ಮೇಲೆ ಬಿಡುವುದು ಇಂದು ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಕ್ರಿಯೆ. ಯಂತ್ರದೊಳಗೆ ಕಡತಗಳನ್ನು ಹೀಗೆ ಎಳೆಯುವ ಪದ್ಧತಿಯನ್ನು ಆಪಲ್ ಸಂಸ್ಥೆಯ ಲೀಸಾ (1983) ಮತ್ತು ಮ್ಯಾಕಿಂಟಾಷ್ (1984) ಯಂತ್ರಗಳು ಬಳಕೆಗೆ ತಂದವು. ಜಾಲಪುಟಕ್ಕೆ ಅದು ದೊರೆತುದಾದರೋ ಕಾಲು ಶತಮಾನ ಕಳೆದ ಮೇಲೆ. ಈ ವಿಳಂಬವನ್ನು ಕೇವಲ ಯಂತ್ರಕೌಶಲದ ಕೊರತೆಯೆಂದು ಎಣಿಸುವುದು ಸರಿಯಾಗದು.

ಜಾಲಪುಟವೆಂಬುದು ನಮ್ಮ ಮನೆಗೆ ಬಂದ ಅಪರಿಚಿತ. ಅದರೊಡನೆ ಬರುವ ಆದೇಶಗಳು ನಮ್ಮ ಯಂತ್ರದಲ್ಲಿಯೇ ನಡೆಯುತ್ತವೆ. ಅವು ತಾವಾಗಿ ಕಡತಗಳನ್ನು ಎತ್ತಿಕೊಳ್ಳುವಂತಿದ್ದರೆ ಯಾರ ಖಾಸಗಿ ಪತ್ರವೂ ಸುರಕ್ಷಿತವಾಗಿ ಉಳಿಯದು. ಜಾಲಪುಟದ ನಮೂನೆಯ ಮೂಲಕ ಕಡತ ಕಳುಹಿಸುವ ಕ್ರಮವನ್ನು ಜೆರಾಕ್ಸ್ ಸಂಸ್ಥೆಯ ನೆಬೆಲ್ ಮತ್ತು ಮಾಸಿಂಟರ್ ಅವರು 1995ರ ನವೆಂಬರಿನಲ್ಲಿ, ಆರ್‌ಎಫ್‌ಸಿ 1867 ಎಂಬ ಪತ್ರದಲ್ಲಿ ನಿರೂಪಿಸಿದರು. ಬಳಕೆದಾರನು ಸ್ಪಷ್ಟವಾಗಿ ಕೇಳಿಕೊಳ್ಳದ ಯಾವ ಕಡತವನ್ನೂ ಬ್ರೌಸರ್ ಕಳುಹಿಸಕೂಡದೆಂಬ ಎಚ್ಚರಿಕೆಯು ಆ ಪತ್ರದಲ್ಲಿಯೇ ಇದೆ. ಗುಂಡಿಯೊತ್ತಿ, ತೆರೆದುಕೊಂಡ ಪಟ್ಟಿಯಿಂದ ತಾನೇ ಆರಿಸುವುದು ಅಂದಿನ ಸಮ್ಮತಿಯ ರೂಪ.

1999ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಪುಟಗಳಲ್ಲಿ ಎಳೆದುಬಿಡುವ ಸೌಕರ್ಯವನ್ನು ಒದಗಿಸಿತು. ಆದರೆ ಅದು ಪುಟಕ್ಕೆ ಒಪ್ಪಿಸುತ್ತಿದ್ದುದು ಪಠ್ಯ ಮತ್ತು ವಿಳಾಸಗಳನ್ನು ಮಾತ್ರ, ಕಡತಗಳನ್ನಲ್ಲ. ಎಚ್‌ಟಿಎಂಎಲ್5ರ ಕರ್ತೃಗಳು ಇದೇ ಮಾದರಿಯನ್ನು ಅದರ ವಕ್ರತೆಗಳ ಸಹಿತವಾಗಿ ಸ್ವೀಕರಿಸಿದರು. ತಾನು ವಸ್ತುವನ್ನು ಸ್ವೀಕರಿಸಬಲ್ಲೆನೆಂದು ತಿಳಿಸಲು ಪುಟವು ಬ್ರೌಸರಿನ ಸಹಜ ವರ್ತನೆಯನ್ನು ರದ್ದುಪಡಿಸಬೇಕು! ಈ ವಿಚಿತ್ರ ನಿಯಮವನ್ನು 2009ರಲ್ಲಿ ಪೀಟರ್-ಪಾಲ್ ಕೋಖ್ ಕಟುವಾಗಿ ಟೀಕಿಸಿದರು, ಟೀಕೆ ನ್ಯಾಯವಾದುದೇ. ಆ ರದ್ದತಿಯನ್ನು ಮರೆತ ಪುಟದ ಮೇಲೆ ಕಡತ ಬಿದ್ದಾಗ, ಬ್ರೌಸರ್ ಪುಟವನ್ನೇ ಸರಿಸಿ ಕಡತವನ್ನು ತೆರೆಯುತ್ತಿತ್ತು. ಅರ್ಧ ತುಂಬಿದ ಅರ್ಜಿಯನ್ನು ಹೀಗೆ ಕಳೆದುಕೊಂಡವರು ಈ ಲೇಖಕನಂತೆ ಹಲವರಿರಬೇಕು.

2010ರ ಜನವರಿಯ ಫೈರ್‌ಫಾಕ್ಸ್ 3.6ರಲ್ಲಿ ಬಿಟ್ಟ ಕಡತಗಳನ್ನು ಪುಟವು ಓದಲು ಸಾಧ್ಯವಾಯಿತು. ಅದೇ ಏಪ್ರಿಲಿನಲ್ಲಿ ಜಿಮೇಲ್ ಈ ಕ್ರಮವನ್ನು ಲಗತ್ತುಗಳಿಗೆ ಬಳಸಿತು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ಕಡತವು ಪುಟದ ಮೇಲೆ ಹಾದುಹೋಗುತ್ತಿರುವಾಗ, ಬಂದಿರುವುದು ಕಡತವೆಂಬುದು ಪುಟಕ್ಕೆ ತಿಳಿಯುತ್ತದೆ. ಅದರ ಹೆಸರಾಗಲಿ ಒಳಗಿನ ಬರಹವಾಗಲಿ ತಿಳಿಯದು. ಬೆರಳು ಗುಂಡಿಯನ್ನು ಬಿಟ್ಟ ಕ್ಷಣದಲ್ಲಿ ಮಾತ್ರ ಅವು ತೆರೆದುಕೊಳ್ಳುತ್ತವೆ. ಪರದೆಯ ಬೇರೊಂದು ಮೂಲೆಗೆ ಸಾಗಿಸುವಾಗ ದಾರಿಯಲ್ಲಿ ಸಿಕ್ಕಿದ ಪುಟಕ್ಕೆ ಅದನ್ನು ಇಣುಕಿನೋಡುವ ಅಧಿಕಾರವಿಲ್ಲ. ಹಿಂದೆ ಪಟ್ಟಿಯಿಂದ ಆರಿಸುವುದರಲ್ಲಿದ್ದ ಸಮ್ಮತಿಯು ಇಲ್ಲಿ ಬೆರಳಿನ ಒಂದು ಚಲನೆಗೆ ಇಳಿದಿದೆ.

ಆದರೆ ಆ ಚಲನೆ ಎಲ್ಲರ ಕೈಗೂ ಸಾಧ್ಯವಲ್ಲ. 2023ರ ಅಕ್ಟೋಬರಿನಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.2 ನಿಯಮಾವಳಿಯು ಎಳೆಯದೆಯೇ ಕೆಲಸ ಪೂರೈಸುವ ದಾರಿಯೊಂದು ಇರಬೇಕೆಂದು ವಿಧಿಸಿತು. ಕಡತಗಳ ಮಟ್ಟಿಗೆ ಆ ದಾರಿ 1995ರ ಹಳೆಯ ಗುಂಡಿಯೇ.