ಅಪರಿಚಿತ ಹೆಸರುಗಳ ವಂಶಾವಳಿ

ವಿಜಯವಾಡದ ರೈಲು ನಿಲ್ದಾಣಕ್ಕೆ ಇಂದಿಗೂ ‘ಬಿ.ಜೆಡ್.ಎ.’ ಎಂಬುದೇ ಸಂಕೇತಾಕ್ಷರ. ವಿಜಯವಾಡ ಎಂಬ ಹೆಸರನ್ನು ಎಷ್ಟು ಬಿಡಿಸಿ ನೋಡಿದರೂ ಈ ಮೂರಕ್ಷರಗಳಿಗೆ ಅರ್ಥ ಹೊಳೆಯದು. ಊರನ್ನು ಬೆಜವಾಡ ಎನ್ನುತ್ತಿದ್ದ ಕಾಲದ ಗುರುತು ಅದು. ಊರಿನ ಹೆಸರು ಬದಲಾದರೂ ರೈಲ್ವೆಯ ದಫ್ತರದಲ್ಲಿ ಸಂಕೇತ ಹಾಗೆಯೇ ಉಳಿಯಿತು. ಗವರ್ನರ್‌ಪೇಟೆಯಲ್ಲಿ ಬಾಳುವ ಕನ್ನಡಿಗರು ಊರಿಗೆ ಹೊರಟಾಗಲೆಲ್ಲ ಟಿಕೆಟಿನ ಮೇಲೆ ಆ ಅಕ್ಷರಗಳನ್ನು ಕಾಣುತ್ತೇವೆ. ಅದರಿಂದ ಯಾರೂ ಗಾಬರಿಗೊಳ್ಳುವುದಿಲ್ಲ, ಏಕೆಂದರೆ ಅದರ ಹಿಂದಿನ ಕಥೆ ನಮಗೆ ಗೊತ್ತು.

ನಮ್ಮ ಮೇಜಿನ ಮೇಲಿರುವ ಗಣಕಯಂತ್ರದ ಒಳಗೂ ಇಂಥ ಹಳೆಯ ಹೆಸರುಗಳು ನೂರಾರಿವೆ. ಯಂತ್ರ ನಿಧಾನವಾದಾಗ, ಅಂತರ್ಜಾಲ ಕೈಕೊಟ್ಟಾಗ, ನಾವು ಟಾಸ್ಕ್ ಮ್ಯಾನೇಜರನ್ನೋ ನೆಟ್‌ವರ್ಕ್ ಅಡಾಪ್ಟರುಗಳ ಪಟ್ಟಿಯನ್ನೋ ತೆರೆಯುತ್ತೇವೆ. ನಾವು ಕರೆಯದೆ ಬಂದು ಕುಳಿತವರಂತೆ ಸಾಲುಸಾಲು ಹೆಸರುಗಳು ಅಲ್ಲಿ ಕಾಣುತ್ತವೆ. ಇವರೆಲ್ಲ ಯಾರು? ಇವರಲ್ಲಿ ಕಳ್ಳರಿದ್ದಾರೆಯೇ? ಈ ಪ್ರಶ್ನೆಗಳು ನ್ಯಾಯವಾದವೇ. ಆದರೆ ಉತ್ತರ ಸಿಗಬೇಕಾದರೆ ಭಯವನ್ನು ಬದಿಗಿರಿಸಿ ಆ ಹೆಸರುಗಳ ಚರಿತ್ರೆಯನ್ನು ಕೆದಕಬೇಕು.

ಭಯದಿಂದ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. 2001ರಲ್ಲಿ ಒಂದು ಇ-ಮೇಲ್ ಲೋಕವನ್ನು ಸುತ್ತಿತು. ‘ನಿಮ್ಮ ಯಂತ್ರದಲ್ಲಿ ಸಲ್ಫ್‌ಎನ್‌ಬಿಕೆ ಎಂಬ ಕಡತವಿದ್ದರೆ ಅದು ವೈರಸ್, ಕೂಡಲೇ ಅಳಿಸಿ, ಎಲ್ಲ ಸ್ನೇಹಿತರಿಗೂ ತಿಳಿಸಿ’ ಎಂಬುದು ಅದರ ಒಕ್ಕಣೆ. ಹುಡುಕಿದವರಿಗೆ ಕಡತ ಸಿಕ್ಕಿತು, ಅಳಿಸಿದರು. ವಾಸ್ತವದಲ್ಲಿ ಅದು ಕಡತಗಳ ಉದ್ದನೆಯ ಹೆಸರುಗಳನ್ನು ಮರಳಿ ಸ್ಥಾಪಿಸುವ, ವಿಂಡೋಸ್ 98ರದೇ ಸಾಧನವಾಗಿತ್ತು. ಮರುವರ್ಷ, 2002ರಲ್ಲಿ, ಕರಡಿಮರಿಯ ಚಿತ್ರವಿದ್ದ ಇನ್ನೊಂದು ಕಡತಕ್ಕೆ ಇದೇ ಗತಿಯಾಯಿತು. ಅದೂ ವಿಂಡೋಸಿನ ಜೊತೆಗೇ ಬಂದ, ಜಾವಾ ಕ್ರಮವಿಧಿಗಳ ದೋಷ ಹುಡುಕುವವರಿಗೆ ನೆರವಾಗುವ ಸಾಧನ. ಈ ಎರಡು ಪ್ರಸಂಗಗಳಲ್ಲಿ ವೈರಸ್ಸೇ ಇರಲಿಲ್ಲ. ಅಪರಿಚಿತವಾದದ್ದೆಲ್ಲ ಶತ್ರು ಎಂಬ ನಂಬಿಕೆಯೊಂದೇ, ವೈರಸ್ ಮಾಡಬೇಕಿದ್ದ ಕೆಲಸವನ್ನು ಒಡೆಯರ ಕೈಯಿಂದಲೇ ಮಾಡಿಸಿತು.

ತೆರೆಯ ಹಿಂದೆ ಸದ್ದಿಲ್ಲದೆ ದುಡಿಯುವ ಪ್ರಕ್ರಿಯೆಗಳಿಗೆ ಯುನಿಕ್ಸ್ ಪರಂಪರೆಯಲ್ಲಿ ‘ಡೀಮನ್’ ಎನ್ನುತ್ತಾರೆ. ಈ ಹೆಸರಿನ ಮೂಲ 1963ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ನಡೆದ ‘ಪ್ರಾಜೆಕ್ಟ್ ಮ್ಯಾಕ್’ನಲ್ಲಿದೆ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1867ರಲ್ಲಿ ಕಲ್ಪಿಸಿದ್ದ, ಅಣುಗಳನ್ನು ಬೇರ್ಪಡಿಸುತ್ತ ದಣಿವಿಲ್ಲದೆ ಬಾಗಿಲು ಕಾಯುವ ಪುಟ್ಟ ಜೀವಿಯನ್ನು ನೆನೆದು ಅಲ್ಲಿನವರು ಈ ಹೆಸರಿಟ್ಟರು. ಕನ್ನಡದಲ್ಲಿ ಇದನ್ನು ‘ಭೂತ’ ಎಂದರೆ ಹಲವರಿಗೆ ಅಳುಕಾದೀತು. ಆದರೆ ತುಳುನಾಡಿನವರಿಗೂ ಕಾಸರಗೋಡಿನ ಕನ್ನಡಿಗರಿಗೂ ಹಾಗಾಗದು. ಅವರ ಭೂತ ಊರು ಕಾಯುವ ದೈವ. ಡೀಮನ್ನಿನ ಸ್ವಭಾವವೂ ಇದಕ್ಕೆ ಹತ್ತಿರವಾದದ್ದು. ಮುದ್ರಣಯಂತ್ರಕ್ಕೆ ಕಾಗದ ಕಳಿಸುವುದು, ಗಡಿಯಾರ ಸರಿಪಡಿಸುವುದು, ಜಾಲದ ಕರೆಗೆ ಓಗೊಡುವುದು ಅದರ ಕೆಲಸ.

ವಿಂಡೋಸಿನಲ್ಲಿ ಇಂಥ ಸೇವೆಗಳಿಗೆ ಆಶ್ರಯ ಕೊಡುವ ಪ್ರಕ್ರಿಯೆಯ ಹೆಸರು ‘ಎಸ್‌ವಿಸಿಹೋಸ್ಟ್’, ಅಂದರೆ ಸೇವೆಗಳ ಆತಿಥೇಯ. ವಿಂಡೋಸ್ 2000ದ ಕಾಲದಲ್ಲಿ ನೆನಪುಕೋಶ ದುಬಾರಿಯಾಗಿದ್ದರಿಂದ ಹತ್ತಾರು ಸೇವೆಗಳನ್ನು ಒಂದೇ ಸೂರಿನಡಿ ಇರಿಸುವ ವ್ಯವಸ್ಥೆಯಾಯಿತು. ಒಂದು ಸೇವೆ ಕೆಟ್ಟರೆ ಅದೇ ಸೂರಿನಡಿಯ ಉಳಿದವೂ ಕುಸಿಯುತ್ತಿದ್ದವು. 2017ರಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯಿಂದ, 3.5 ಜಿಬಿಗಿಂತ ಹೆಚ್ಚು ನೆನಪುಕೋಶವಿರುವ ಯಂತ್ರಗಳಲ್ಲಿ ಬಹುತೇಕ ಸೇವೆಗಳಿಗೆ ಪ್ರತ್ಯೇಕ ಮನೆ ದೊರೆಯಿತು. ಇಂದು ಪಟ್ಟಿಯಲ್ಲಿ ಎಸ್‌ವಿಸಿಹೋಸ್ಟ್ ಐವತ್ತು ಅರವತ್ತು ಸಲ ಕಾಣುವುದಕ್ಕೆ ಕಾರಣ ಈ ಮನೆಪಾಲು. ಸೋಂಕು ಹರಡಿತೆಂದು ಭಾವಿಸಬೇಕಾಗಿಲ್ಲ.

ಹಾಗಾದರೆ ಕಳ್ಳರೇ ಇಲ್ಲವೇ? ಇದ್ದಾರೆ. ಆದರೆ ಜಾಣ ಕಳ್ಳನು ಅಪರಿಚಿತ ಹೆಸರಿನಿಂದ ಬರುವುದು ಅಪರೂಪ, ಪರಿಚಿತ ಹೆಸರೇ ಅವನಿಗೆ ಅನುಕೂಲ. 2003ರ ಆಗಸ್ಟಿನಲ್ಲಿ ‘ಬ್ಲಾಸ್ಟರ್’ ಎಂಬ ಹುಳು ಜಗತ್ತಿನ ವಿಂಡೋಸ್ ಯಂತ್ರಗಳನ್ನು ಕಾಡಿತು. ಅದರ ಬೆನ್ನಿಗೇ ‘ನಾಚಿ’ ಎಂಬ ಇನ್ನೊಂದು ಹುಳು ಬಂದಿತು. ಬ್ಲಾಸ್ಟರನ್ನು ಅಳಿಸಿ ಯಂತ್ರಕ್ಕೆ ತೇಪೆ ಹಾಕುವ ಪರೋಪಕಾರಿಯ ವೇಷ ಅದರದು. ಆದರೆ ಅದರ ಓಡಾಟದ ದಟ್ಟಣೆಯಿಂದಲೇ ಜಾಲಗಳು ಕಟ್ಟಿಕೊಂಡವು. ಅದು ಆರಿಸಿಕೊಂಡ ಹೆಸರುಗಳು ಡಿಎಲ್‌ಎಲ್‌ಹೋಸ್ಟ್ ಮತ್ತು ಎಸ್‌ವಿಸಿಹೋಸ್ಟ್, ಎರಡೂ ವಿಂಡೋಸಿನ ಸಜ್ಜನರ ಹೆಸರುಗಳೇ. ವ್ಯತ್ಯಾಸವಿದ್ದದ್ದು ವಿಳಾಸದಲ್ಲಿ. ನಿಜವಾದವು ಸಿಸ್ಟಂ32 ಕೋಶದಲ್ಲಿ ನೇರವಾಗಿ ವಾಸಿಸಿದರೆ, ವೇಷಧಾರಿಗಳು ಅದರೊಳಗಿನ ‘ವಿನ್ಸ್’ ಎಂಬ ಉಪಕೋಶದಲ್ಲಿ ಅಡಗಿದ್ದವು. ಆದ್ದರಿಂದ ಪ್ರಕ್ರಿಯೆಯ ಹೆಸರನ್ನಷ್ಟೇ ಓದಿ ತೀರ್ಪು ಕೊಡಲಾಗದು. ಅದು ಎಲ್ಲಿಂದ ಬಂದಿತು, ಅದನ್ನು ಎಬ್ಬಿಸಿದ ಹಿರಿಯ ಪ್ರಕ್ರಿಯೆ ಯಾವುದು, ಅದರ ಮೇಲೆ ಯಾರ ಸಹಿಯಿದೆ ಎಂಬುದನ್ನು ನೋಡಬೇಕು. ಮಾರ್ಕ್ ರುಸಿನೋವಿಚ್ ರೂಪಿಸಿದ ‘ಪ್ರೊಸೆಸ್ ಎಕ್ಸ್‌ಪ್ಲೋರರ್’ ಈ ಮೂರನ್ನೂ ಒಂದೇ ಕಡೆ ತೋರಿಸುತ್ತದೆ. ಅವರ ಸಂಸ್ಥೆಯನ್ನು ಮೈಕ್ರೋಸಾಫ್ಟ್ 2006ರಲ್ಲಿ ಕೊಂಡುಕೊಂಡಿತು, ಸಾಧನ ಇಂದಿಗೂ ಉಚಿತವಾಗಿ ದೊರೆಯುತ್ತದೆ.

ಇನ್ನು ಅಡಾಪ್ಟರುಗಳ ಪಟ್ಟಿಗೆ ಬರೋಣ. ಅಲ್ಲಿ ಮೊದಲು ಕಾಣುವ ‘ಈಥರ್ನೆಟ್’ ಎಂಬ ಹೆಸರೇ ಸೋತ ಸಿದ್ಧಾಂತವೊಂದರ ಸ್ಮಾರಕ. ಬೆಳಕನ್ನು ಹೊತ್ತೊಯ್ಯುವ ‘ಈಥರ್’ ಎಂಬ ದ್ರವ್ಯ ವಿಶ್ವವನ್ನೆಲ್ಲ ವ್ಯಾಪಿಸಿದೆ ಎಂದು ಹತ್ತೊಂಬತ್ತನೆಯ ಶತಮಾನದವರು ನಂಬಿದ್ದರು. 1887ರ ಮೈಕೆಲ್ಸನ್–ಮಾರ್ಲೆ ಪ್ರಯೋಗದಲ್ಲಿ ಅದರ ಸುಳಿವೇ ಸಿಗಲಿಲ್ಲ. 1973ರಲ್ಲಿ ಜೆರಾಕ್ಸ್ ಸಂಶೋಧನಾಲಯದ ರಾಬರ್ಟ್ ಮೆಟ್‌ಕಾಫ್, ಹವಾಯಿ ದ್ವೀಪಗಳ ‘ಅಲೋಹಾ’ ರೇಡಿಯೋ ಜಾಲದಿಂದ ಪ್ರೇರಣೆ ಪಡೆದು, ತಂತಿಯ ಜಾಲವೊಂದನ್ನು ಕಲ್ಪಿಸಿದಾಗ ಆ ಹಳೆಯ ಪದಕ್ಕೆ ಮರುಜನ್ಮ ಬಂದಿತು.

ಪ್ರತಿ ಅಡಾಪ್ಟರಿಗೂ 48 ಬಿಟ್ಟುಗಳ ಒಂದು ಗುರುತುಸಂಖ್ಯೆಯಿರುತ್ತದೆ. ಅದರ ಮೊದಲರ್ಧ ಸಾಮಾನ್ಯವಾಗಿ ತಯಾರಕರಿಗೆ ಐಇಇಇ ಸಂಸ್ಥೆ ಹಂಚಿದ್ದು, ಅಂದರೆ ಮನೆತನದ ಹೆಸರಿನ ಹಾಗೆ. ನೀವು ಕೊಳ್ಳದ ಅಡಾಪ್ಟರೊಂದು ಪಟ್ಟಿಯಲ್ಲಿ ಕಂಡು, ಅದರ ಸಂಖ್ಯೆ 00-15-5ಡಿ ಎಂದು ಆರಂಭವಾದರೆ, ಅದು ಮೈಕ್ರೋಸಾಫ್ಟಿನ ಹೈಪರ್-ವಿ ಸೃಷ್ಟಿಸಿದ ಮಿಥ್ಯಾ ಅಡಾಪ್ಟರು. ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ನಡೆಸಲು ಅದು ಬೇಕು. ‘ಲೋಕಲ್ ಏರಿಯಾ ಕನೆಕ್ಷನ್’ ಎಂಬ ಹೆಸರಿನ ಮುಂದೆ ನಕ್ಷತ್ರಚಿಹ್ನೆಯೂ ಅಂಕಿಯೂ ಇದ್ದರೆ ಅದು ಬಹುಮಟ್ಟಿಗೆ ‘ವೈಫೈ ಡೈರೆಕ್ಟ್’ ಅಡಾಪ್ಟರು. ನಿಮ್ಮ ಲ್ಯಾಪ್‌ಟಾಪನ್ನು ಹಾಟ್‌ಸ್ಪಾಟ್ ಮಾಡಿದಾಗ ದುಡಿಯುವುದು ಅದೇ. 127.0.0.1 ಎಂಬ ವಿಳಾಸಕ್ಕೆ ಹೋದ ಮಾತು ಹೊರಗೆ ಹೋಗುವುದೇ ಇಲ್ಲ, ಯಂತ್ರ ತನ್ನೊಡನೆ ತಾನೇ ಆಡುವ ಮಾತು ಅದು. 1986ರಲ್ಲಿ ಇದಕ್ಕೆಂದು ನಿಗದಿಯಾದ 127ರ ಶ್ರೇಣಿಯಲ್ಲಿ ಸುಮಾರು 1 ಕೋಟಿ 68 ಲಕ್ಷ ವಿಳಾಸಗಳಿವೆ. ಆ ಕಾಲದವರಿಗೆ ವಿಳಾಸಗಳ ಬರ ಬಂದೀತೆಂಬ ಶಂಕೆ ಇರಲಿಲ್ಲ.

ಬರ ಬಂದೇ ಬಂದಿತು. ಹಳೆಯ ಪದ್ಧತಿಯಲ್ಲಿ ಇದ್ದದ್ದೇ ಸುಮಾರು 429 ಕೋಟಿ ವಿಳಾಸಗಳು. ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿ 3ರಂದು ಮುಗಿಯಿತು. ಐಪಿವಿ6 ಎಂಬ ಹೊಸ ಪದ್ಧತಿಗೆ ಹಳೆಯ ಜಾಲದ ಮೂಲಕವೇ ಸುರಂಗ ಕೊರೆಯುವ ಉಪಾಯಗಳನ್ನು ಅದಕ್ಕೆ ಮೊದಲೇ ಹುಡುಕಿದ್ದರು. ಅಡಾಪ್ಟರುಗಳ ನಡುವೆ ಅನೇಕರನ್ನು ಬೆದರಿಸಿದ ‘ಟೆರೆಡೊ’ ಅಂಥದೊಂದು. ಮೈಕ್ರೋಸಾಫ್ಟಿನಲ್ಲಿದ್ದ ಕ್ರಿಶ್ಚಿಯನ್ ಹುಯಿಟೆಮಾ ಅದನ್ನು ರೂಪಿಸಿದರು, 2006ರಲ್ಲಿ ಅದು ಮಾನದಂಡವಾಗಿ ಪ್ರಕಟವಾಯಿತು. ಹಡಗಿನ ಮರವನ್ನು ಕೊರೆದು ಸುರಂಗ ಮಾಡುವ ‘ಶಿಪ್‌ವರ್ಮ್’ ಎಂಬ ಜೀವಿಯ ಹೆಸರನ್ನು ಅವರು ಮೊದಲು ಇಟ್ಟಿದ್ದರು. ‘ವರ್ಮ್’ ಎಂದರೆ ಜನ ಗಣಕದ ಹುಳುವೆಂದು ತಿಳಿದಾರೆಂಬ ಎಚ್ಚರದಿಂದ, ಅದೇ ಜೀವಿಯ ವೈಜ್ಞಾನಿಕ ನಾಮವಾದ ‘ಟೆರೆಡೊ’ ಎಂಬುದಕ್ಕೆ ಬದಲಿಸಿದರು. ಆ ಜೀವಿ ಹುಳುವೂ ಅಲ್ಲ, ಕಪ್ಪೆಚಿಪ್ಪಿನ ಬಳಗದ್ದು. ನಮ್ಮ ಆಂಧ್ರ ಕರಾವಳಿಗೆ ಅದು ಹೊಸತೂ ಅಲ್ಲ. ಬೆಂಗಳೂರಿನ ಮರವಿಜ್ಞಾನ ಸಂಸ್ಥೆಯು ಸಮುದ್ರದಲ್ಲಿ ಮರ ಕೊರೆಯುವ ಜೀವಿಗಳ ಅಧ್ಯಯನಕ್ಕೆಂದೇ ವಿಶಾಖಪಟ್ಟಣದಲ್ಲಿ ಒಂದು ಕೇಂದ್ರವನ್ನು ನಡೆಸಿದೆ. ಭಯ ಹುಟ್ಟಬಾರದೆಂದೇ ಬದಲಿಸಿದ ಹೆಸರು ಅಪರಿಚಿತವೆಂಬ ಕಾರಣಕ್ಕೆ ಇನ್ನಷ್ಟು ಭಯ ಹುಟ್ಟಿಸಿದ್ದು ಚರಿತ್ರೆಯ ಒಂದು ವಿನೋದ.

ಈ ಚರಿತ್ರೆಯಲ್ಲಿ ಕನ್ನಡಕ್ಕೂ ಒಂದು ಪಾಲಿದೆ, ಹೊರನಾಡಿನ ನಮಗೆ ಅದೇ ಮುಖ್ಯವಾದದ್ದು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ‘ಬರಹ’ವಾಗಲಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಾಗಲಿ, ಹಿನ್ನೆಲೆಯಲ್ಲಿ ಕುಳಿತು ನಾವು ಒತ್ತುವ ಪ್ರತಿ ಕೀಲಿಯನ್ನೂ ಗಮನಿಸಲೇಬೇಕು. ಹಾಗಿಲ್ಲದೆ ಇಂಗ್ಲಿಷ್ ಕೀಲಿ ಕನ್ನಡದ ಅಕ್ಷರವಾಗದು. ಗುಪ್ತಪದಗಳನ್ನು ಕದಿಯುವ ದುಷ್ಟ ತಂತ್ರಾಂಶವೂ ಇದನ್ನೇ ಮಾಡುತ್ತದೆ. ಆದ್ದರಿಂದ ಕಾವಲು ತಂತ್ರಾಂಶದ ಕಣ್ಣಿಗೆ ಕನ್ನಡದ ಸೇವಕನೂ ಕಳ್ಳನಂತೆ ಕಂಡರೆ ಅಚ್ಚರಿಯಿಲ್ಲ. ವಿಂಡೋಸ್ ಎಕ್ಸ್‌ಪಿಯ ಜೊತೆಗೆ ‘ತುಂಗಾ’ ಅಕ್ಷರಶೈಲಿಯೂ ಕನ್ನಡದ ಕೀಲಿಮಣೆಯೂ ಬಂದವು. ಆಗ ಭಾಷೆಗಳ ಪಟ್ಟಿಯನ್ನು ತೋರಿಸುತ್ತಿದ್ದ ಪ್ರಕ್ರಿಯೆ ‘ಸಿಟಿಎಫ್‌ಮಾನ್’. ‘ಇದು ಅನಾವಶ್ಯಕ, ತೆಗೆದುಹಾಕಿ’ ಎಂಬ ಸಲಹೆ ಆ ದಿನಗಳಲ್ಲಿ ಧಾರಾಳವಾಗಿ ಸಿಗುತ್ತಿತ್ತು. ಇಂಗ್ಲಿಷೊಂದನ್ನೇ ಬರೆಯುವವನಿಗೆ ಅದು ಅನಾವಶ್ಯಕವೇ ಸರಿ. ಕನ್ನಡ ಬರೆಯುವವನಿಗೆ ಅದು ಬಾಗಿಲು.

ಬೆಂಗಳೂರಿನ ಅಂಗಡಿಯಲ್ಲಿ ರಿಪೇರಿಯವರಿಗೆ ‘ನುಡಿ’ ಎಂಬ ಹೆಸರು ಕಂಡರೆ ಗುರುತು ಹತ್ತುತ್ತದೆ. ಗವರ್ನರ್‌ಪೇಟೆಯಲ್ಲಿ, ಪುಣೆಯಲ್ಲಿ, ದುಬೈಯಲ್ಲಿ ಹಾಗಲ್ಲ. ಅಲ್ಲಿನವರು ಯಂತ್ರವನ್ನು ಸ್ವಚ್ಛಗೊಳಿಸಿಕೊಡುವ ಉತ್ಸಾಹದಲ್ಲಿ ತಮಗೆ ತಿಳಿಯದ ಹೆಸರುಗಳನ್ನೆಲ್ಲ ಗುಡಿಸಿದರೆ ಮೊದಲು ಹೋಗುವುದು ನಮ್ಮ ಭಾಷೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಬರಹಗಳು ಆ ಶೈಲಿಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಹೀಗಾಗಿ ರಿಪೇರಿಗೆ ಕೊಡುವ ಮುನ್ನ, ಉಳಿಯಬೇಕಾದ ತಂತ್ರಾಂಶಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದು ಒಳ್ಳೆಯದು.

ಪರೀಕ್ಷೆಯ ಕ್ರಮ ಸರಳವಾದದ್ದು. ‘ಐಪಿಕಾನ್ಫಿಗ್ /ಆಲ್’ ಎಂಬ ಆಜ್ಞೆ ಅಡಾಪ್ಟರುಗಳ ವಿವರವನ್ನೂ ಗುರುತುಸಂಖ್ಯೆಯನ್ನೂ ಕೊಡುತ್ತದೆ. ‘ನೆಟ್‌ಸ್ಟಾಟ್ -ಎಎನ್‌ಒ’ ಎಂಬುದು ಯಾವ ಪ್ರಕ್ರಿಯೆ ಯಾವ ವಿಳಾಸದೊಡನೆ ಮಾತಾಡುತ್ತಿದೆ ಎಂದು ಸಂಖ್ಯೆಯ ಮೂಲಕ ಹೇಳುತ್ತದೆ. ಆ ಸಂಖ್ಯೆಯನ್ನು ಟಾಸ್ಕ್ ಮ್ಯಾನೇಜರಿನಲ್ಲಿ ಹುಡುಕಿದರೆ ಹೆಸರೂ, ಹೆಸರಿನಿಂದ ಕಡತದ ವಿಳಾಸವೂ ಸಿಗುತ್ತವೆ. ಅನುಮಾನ ಉಳಿದ ಅಡಾಪ್ಟರನ್ನು ಕಿತ್ತುಹಾಕದೆ ಮೊದಲು ನಿಷ್ಕ್ರಿಯಗೊಳಿಸಿ, ಒಂದೆರಡು ದಿನ ಕಾದು ನೋಡಬೇಕು. ತಪ್ಪೆಂದು ತಿಳಿದರೆ ಮರಳಿ ಎಬ್ಬಿಸಬಹುದು. ವಿಳಾಸ ತಪ್ಪಿದ್ದು, ಸಹಿಯಿಲ್ಲದ್ದು, ಒಂದೆರಡು ಅಕ್ಷರಗಳನ್ನು ಅದಲುಬದಲು ಮಾಡಿ ಸಜ್ಜನನಂತೆ ನಟಿಸುವುದು ಕಂಡಾಗ ಮಾತ್ರ ಕಠಿಣರಾಗಬೇಕು.

ಪರನಾಡಿನಲ್ಲಿ ನೆಲೆಸಿದವರಿಗೆ ಈ ವಿವೇಕ ಹೊಸದೇನಲ್ಲ. ನಮ್ಮ ಹೆಸರುಗಳೂ ಇಲ್ಲಿನ ಪಟ್ಟಿಗಳಲ್ಲಿ ಮೊದಲು ಅಪರಿಚಿತವಾಗಿಯೇ ಇದ್ದವು. ಊರು ಯಾವುದು, ಯಾರ ಕಡೆಯವರು, ಏನು ಕೆಲಸ ಎಂದು ಕೇಳಿ ತಿಳಿದವರೇ ನೆರೆಹೊರೆಯವರಾದರು.